ಘಟ್ಟದ ಲಾರಿಯನ್ನು ಮರದಲ್ಲಿ ಕಟ್ಟುವುದು: ಚಕ್ರದಿಂದ ಶುರುಮಾಡಿ

ಮರದಲ್ಲಿ ಲಾರಿ ಮಾಡುವ ಹುಚ್ಚು ಹಿಡಿದವರು ಮೊದಲು ಮಾಡುವ ಕೆಲಸ ಅಂದ್ರೆ ಇಂಟರ್ನೆಟ್ಟಿನಲ್ಲಿ ಹುಡುಕಿ ಯಾವುದೋ ಅಮೆರಿಕದ ಉದ್ದ ಮೂತಿಯ ಟ್ರಕ್ಕಿನ ನಕ್ಷೆ ಇಳಿಸಿಕೊಳ್ಳುವುದು. ಅದು ಬೇಡ. ನಕ್ಷೆಯಲ್ಲಿ ಅಳತೆ ಇಂಚಿನಲ್ಲಿರುತ್ತದೆ, ಮರ ವಾಲ್ನಟ್, ಮೇಪಲ್ ಅಂತ ಇರುತ್ತದೆ, ಅದನ್ನೆಲ್ಲ ಹೇಗೋ ಹೊಂದಿಸಿಕೊಳ್ಳಬಹುದು. ಆದರೆ ಆ ಟ್ರಕ್ಕಿನ ಸುತ್ತ ಒಂದು ಸುತ್ತು ಹೊಡೆದು, ಬಗ್ಗಿ ಚಾಸಿ (ಅಡಿಯ ಚೌಕಟ್ಟು) ನೋಡಿ, ಟೇಪು ಹಿಡಿಯಲಿಕ್ಕೆ ನಿಮಗೆ ಆಗುವುದಿಲ್ಲ. ನಮ್ಮ ಕಡೆ ಲಾರಿಗೆ ಬರ ಉಂಟಾ? ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಅರಬೈಲ್ ಘಟ್ಟ ಇಳಿದು ಬಂದ ಎಲ್ಲ ಜಾತಿಯ ಗಾಡಿಯೂ ಕಣ್ಣೆದುರೇ ಹೋಗುತ್ತದೆ. ನಿಮ್ಮ ಊರಿನ, ನೀವು ಮುಟ್ಟಬಹುದಾದ ಒಂದು ಲಾರಿ ಆರಿಸಿಕೊಳ್ಳಿ. ಬಣ್ಣ ಬಳಿಯುವ ಯೋಚನೆಯನ್ನೂ ಬಿಡಿ, ಬಣ್ಣವೆಲ್ಲ ಮರದಿಂದಲೇ ಬರಲಿ. ಬಣ್ಣ ಹಚ್ಚುವುದಾದರೆ ಪ್ಲಾಸ್ಟಿಕ್ ಆಟಿಕೆಯೇ ಅಂಗಡಿಯಲ್ಲಿ ಸಿಗುತ್ತದಲ್ವಾ.

ಯಾವ ಲಾರಿ, ಎಷ್ಟು ದೊಡ್ಡದು

ಮೊದಲ ಸಲಕ್ಕೆ ಮುಂದೆ ಮೂತಿ ಇರುವ, ಎರಡೇ ಆಕ್ಸಲ್‌ನ ಹಳೇ ಟಾಟಾ ಒಳ್ಳೆಯದು. ಎಸ್‌ಇ 1613 ತರಹದ್ದು. ಹೆಸರಿನಲ್ಲೇ ಅರ್ಧ ಅಳತೆ ಸಿಗುತ್ತದೆ: 16 ಅಂದರೆ ಸರಕು ಸೇರಿ ಒಟ್ಟು ತೂಕ ಸುಮಾರು 16 ಟನ್, 13 ಅಂದರೆ ಸುಮಾರು 130 ಅಶ್ವಶಕ್ತಿ. ಅದರ ಪಕ್ಕ 42 ಅಂತ ಇದ್ದರೆ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 4.2 ಮೀಟರ್ ಚಿಲ್ಲರೆ, ಈ ಅಂತರಕ್ಕೇ ವೀಲ್‌ಬೇಸ್ ಅನ್ನುವುದು.

ಇಂಥ ಲಾರಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಿಂದೆಲ್ಲ ಕಂಪನಿಯಿಂದ ಬರುತ್ತಿದ್ದದ್ದು ಎಂಜಿನ್, ಚಾಸಿ, ಮೂತಿ ಇಷ್ಟೇ. ಕ್ಯಾಬಿನ್ನು, ಬಾಡಿ ಎಲ್ಲ ಆಚಾರಿಗಳು ಮರದಲ್ಲೇ ಕಟ್ಟುತ್ತಿದ್ದರು. ಹಾಗಾಗಿ ಹಲಗೆ, ಅಡ್ಡಪಟ್ಟಿ, ಕೊಕ್ಕೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ನೀವು ಮಾಡುವುದು ಅದೇ ಕೆಲಸ, ಸ್ವಲ್ಪ ಸಣ್ಣದಾಗಿ.

ಪ್ರಮಾಣ 1:16 ಇಟ್ಟುಕೊಳ್ಳಿ. ಆಗ ಒಂದು ಅಡಿ ಅಂದರೆ 19 ಮಿ.ಮೀ., ಲೆಕ್ಕ ತಲೆಯಲ್ಲೇ ಆಗುತ್ತದೆ. 2.4 ಮೀಟರ್ ಅಗಲದ ಬಾಡಿ 150 ಮಿ.ಮೀ. ಆಗುತ್ತದೆ, 4.2 ಮೀಟರ್ ವೀಲ್‌ಬೇಸ್ 263 ಮಿ.ಮೀ. ಇಡೀ ಲಾರಿ ಹತ್ತಿರ ಹತ್ತಿರ ಒಂದು ಮೊಳ. ಇದಕ್ಕಿಂತ ಸಣ್ಣದಾದರೆ, 1:24 ಅಂದುಕೊಳ್ಳಿ, ಚಕ್ರದ ನಟ್ಟು ಮಾಡಲಿಕ್ಕೆ ಕೈ ಬಗ್ಗುವುದಿಲ್ಲ. ದೊಡ್ಡದಾದರೆ ಇಡಲಿಕ್ಕೆ ಜಾಗ ಇಲ್ಲ, ಮನೆಯವರ ಹತ್ತಿರ ಬೈಗುಳ ಬೇರೆ.

ಅಳೆಯಲಿಕ್ಕೆ ಮಳೆಗಾಲ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಕಾರವಾರದ ಬೈತಖೋಲ್ ಮೀನುಗಾರಿಕೆ ಬಂದರಿನ ಕಡೆ ಮೀನಿನ ಗಾಡಿಗಳಿಗೆ ಕೆಲಸ ಕಡಿಮೆ. ಚಿರೆಕಲ್ಲಿನ ಲಾರಿಗಳೂ ಅಲ್ಲಲ್ಲಿ ಸುಮ್ನೆ ನಿಂತಿರುತ್ತವೆ. ಮೊದಲು ಡ್ರೈವರನ್ನು ಕೇಳಿ. ಟೇಪು ಹಿಡಿದುಕೊಂಡು ಹೋದರೆ "ಎಂತ ಮಾರಾಯ್ರೆ, ಆರ್‌ಟಿಒದಿಂದ ಬಂದ್ರಾ?" ಅಂತ ಕೇಳಿಯೇ ಕೇಳುತ್ತಾರೆ. ವಿಷಯ ಹೇಳಿದರೆ ನಗುತ್ತಾರೆ, ಆಮೇಲೆ ಟೇಪಿನ ಇನ್ನೊಂದು ತುದಿ ಅವರೇ ಹಿಡಿಯುತ್ತಾರೆ. ಇಳಿಜಾರಿನಲ್ಲಿ ನಿಂತ ಲಾರಿಯ ಅಡಿಗೆ ಮಾತ್ರ ಯಾರು ಹೇಳಿದರೂ ಹೋಗಬೇಡಿ. ಸಮತಟ್ಟು ಜಾಗದಲ್ಲೂ ಚಕ್ರಕ್ಕೆ ಕಲ್ಲು ಕೊಟ್ಟಿದ್ದಾರಾ ನೋಡಿ, ಹೊರಗಿನಿಂದಲೇ ಬಗ್ಗಿ ಫೋಟೋ ತೆಗೆದುಕೊಳ್ಳಿ.

ಮೊದಲು ಟಯರಿನ ಎತ್ತರ, ಅಗಲ. ಆಮೇಲೆ ವೀಲ್‌ಬೇಸ್, ಚಾಸಿ ಪಟ್ಟಿಯ ಎತ್ತರ, ಎರಡು ಪಟ್ಟಿಗಳ ನಡುವಿನ ಅಂತರ, ನೆಲದಿಂದ ಬಾನೆಟ್ಟಿಗೆ, ನೆಲದಿಂದ ಕ್ಯಾಬಿನ್ನಿನ ನೆತ್ತಿಗೆ, ಬಾಡಿಯ ಉದ್ದಗಲ. ಬಾಡಿಯ ಹಲಗೆ ಎಷ್ಟು, ಕೊಕ್ಕೆ ಎಷ್ಟು, ಚಕ್ರದ ನಟ್ಟು ಎಷ್ಟು ಅಂತ ಎಣಿಸಿ ಬರೆದುಕೊಳ್ಳಿ. ಪಕ್ಕದ ನೋಟದ ಫೋಟೋವನ್ನು ಹತ್ತಿರದಿಂದ ತೆಗೆಯಬೇಡಿ, ಮೂತಿ ಉಬ್ಬಿದಂತೆ ಬರುತ್ತದೆ. ಹದಿನೈದಿಪ್ಪತ್ತು ಹೆಜ್ಜೆ ಹಿಂದೆ ಹೋಗಿ ಜೂಮ್ ಮಾಡಿ. ಲಾರಿಗೆ ಒಂದು ಮೀಟರಿನ ಕೋಲು ಒರಗಿಸಿ ಫೋಟೋ ತೆಗೆದರೆ, ಅಳೆಯಲಿಕ್ಕೆ ಮರೆತದ್ದನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು.

ಮನೆಗೆ ಬಂದು ಎಲ್ಲವನ್ನೂ 16ರಿಂದ ಭಾಗಿಸಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾದರಿಯ ಅಳತೆಯಲ್ಲೇ ಪಕ್ಕದ ನೋಟ ಬರೆಯಿರಿ. ಅದನ್ನು ಗೋಡೆಗೆ ಅಂಟಿಸಿ ಎರಡು ದಿನ ಹೋಗ್ತಾ ಬರ್ತಾ ನೋಡಿ. ಏನೋ ಸರಿಯಿಲ್ಲ ಅನ್ನಿಸಿದರೆ ಹೆಚ್ಚಿನ ಸಲ ತಪ್ಪಿರುವುದು ಚಕ್ರದ ಅಳತೆ.

ಮರ

ಶಿರಸಿ, ಯಲ್ಲಾಪುರದ ಕಡೆಯವರಿಗೆ ಮರದ ಬಗ್ಗೆ ನಾನು ಹೇಳುವುದೇನೂ ಇಲ್ಲ. ಆದರೂ ಬಣ್ಣದ ಲೆಕ್ಕ ಹೇಳುತ್ತೇನೆ. ಹಳದಿಗೆ ಹಲಸು. ಬಿಳಿಗೆ ಶಿವನೆ ಅಥವಾ ಹಾಲೆ, ಚನ್ನಪಟ್ಟಣದ ಗೊಂಬೆ ಮಾಡುವುದು ಈ ಹಾಲೆಯಲ್ಲೇ. ನಡುವಿನ ಕಂದಿಗೆ ಸಾಗವಾನಿ. ಟಯರಿಗೆ ಕಪ್ಪು ಬೇಕು, ಅದಕ್ಕೆ ಬೀಟೆಯ ಚೂರು ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಅಕೇಶಿಯಾದ ತಿರುಳು. ಅಕೇಶಿಯಾವನ್ನು ಬೈಯುವವರೇ ಜಾಸ್ತಿ, ಆದರೆ ಅದರ ತಿರುಳಿಗೆ ಎಣ್ಣೆ ಹಚ್ಚಿದರೆ ಒಳ್ಳೆಯ ಗಾಢ ಕಂದು ಬರುತ್ತದೆ. ಕರಿಮತ್ತಿಯೂ ಕಪ್ಪೇ, ಆದರೆ ಅದಕ್ಕೆ ಒಣಗುವಾಗ ಬಿರುಕು ಬಿಡುವ ಚಾಳಿ ಉಂಟು, ಸಣ್ಣ ಕೆಲಸಕ್ಕೆ ನಾನು ಹೇಳುವುದಿಲ್ಲ.

ಬೀಟೆ, ಸಾಗವಾನಿ ಅಂದ ಕೂಡಲೇ ಅರಣ್ಯ ಇಲಾಖೆಯ ಪಾಸು, ಪರವಾನಗಿ ಬರುತ್ತದೆ. ನಮಗೆ ಬೇಕಾದದ್ದು ಅಂಗೈ ಅಗಲದ ತುಂಡುಗಳು. ಪೀಠೋಪಕರಣ ಮಾಡುವಲ್ಲಿ ಉಳಿದ ಚೂರು ಕೊಂಡುಕೊಳ್ಳಿ, ಬಿಲ್ಲು ಇಸಕೊಳ್ಳಿ. ಕಾಡಿನಲ್ಲಿ ಬಿದ್ದದ್ದು ಅಂತ ಎತ್ತಿಕೊಂಡು ಬರಬೇಡಿ. ಎಲ್ಲಕ್ಕಿಂತ ಒಳ್ಳೆಯ ಮರ ಹಳೇ ಮನೆ ಕಿತ್ತಾಗ ಸಿಗುವ ಪಕಾಸು, ರೀಪು, ಕಿಟಕಿ ಚೌಕಟ್ಟು. ಹತ್ತಾರು ಮಳೆಗಾಲ ಕಂಡ ಮರ ಅದು, ಇನ್ನು ಸೊಟ್ಟಗಾಗುವುದು ಕಡಿಮೆ. ಗರಗಸ ಇಡುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ.

ಹಸಿ ಮರವಾದರೆ ತುಂಡು ಮಾಡಿ ಅಡುಗೆಮನೆಯ ಅಟ್ಟದ ಮೇಲೆ ಇಡಿ, ತುಂಡುಗಳ ನಡುವೆ ಗಾಳಿಯಾಡಲು ಕಡ್ಡಿ ಕೊಡಿ. ಬೇಗ ಆಗಲಿ ಅಂತ ಅಡಿಕೆ ಡ್ರೈಯರಿಗೆ ಹಾಕಿದರೆ ತುದಿಯಿಂದ ಸೀಳುತ್ತದೆ. ಒಣಗಿತೋ ಇಲ್ಲವೋ ನೋಡಲಿಕ್ಕೆ ಯಂತ್ರ ಬೇಡ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ, ತೂಕ ಇಳಿಯುವುದು ನಿಂತರೆ ಆಯಿತು. ಮಾವು, ರಬ್ಬರ್ ಮರಕ್ಕೆ ಕುಟ್ಟೆ ಬೇಗ ಹಿಡಿಯುತ್ತದೆ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ತುಂಡನ್ನು ಒಲೆಗೆ ಹಾಕಿ, ಉಳಿದ ಮರದ ಜೊತೆ ಇಡಬೇಡಿ.

ಚಕ್ರ

ಮುಕ್ಕಾಲು ಪಾಲು ಶ್ರಮ ಇಲ್ಲಿ. ಚಕ್ರ ಚೆನ್ನಾಗಿ ಬಂದರೆ ಮೇಲಿನದು ಸ್ವಲ್ಪ ಹೆಚ್ಚುಕಮ್ಮಿ ಆದರೂ ಲಾರಿ ಲಾರಿಯಂತೆ ಕಾಣುತ್ತದೆ. ಹಿಂದೆ 4, ಮುಂದೆ 2, ಸ್ಟೆಪ್ನಿ 1, ಒಟ್ಟು 7 ಬೇಕು. ಹತ್ತು ಕೊಯ್ದು ಚೆಂದದ ಏಳು ಆರಿಸಿಕೊಳ್ಳಿ.

ಟಯರಿನ ಮೇಲೆ 10.00-20 ಅಂತ ಇದ್ದರೆ ಅದರ ಎತ್ತರ ಸುಮಾರು 1050 ಮಿ.ಮೀ., ನಮಗೆ 65. ಅಗಲ ಸುಮಾರು 17. ರಿಮ್ಮು 20 ಇಂಚು, ಅಂದರೆ ನಮಗೆ 32. ಹೋಲ್ ಸಾ (ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ) ಕೊಳ್ಳುವಾಗ ಒಂದು ವಿಷಯ ಗಮನಿಸಿ: ಅದರ ಮೇಲೆ ಬರೆದಿರುವುದು ತೂತಿನ ಅಳತೆ, ಒಳಗೆ ಉಳಿಯುವ ಬಿಲ್ಲೆಯದ್ದಲ್ಲ. ಹಲ್ಲಿನ ದಪ್ಪ ಹೋಗಿ ಬಿಲ್ಲೆ ನಾಲ್ಕಾರು ಮಿ.ಮೀ. ಸಣ್ಣದಾಗುತ್ತದೆ. 65ಕ್ಕೆ 70ರದ್ದು ಬೇಕಾಗುತ್ತದೆ. ಅಂಗಡಿಯಲ್ಲೇ ಒಳಗಿನ ವ್ಯಾಸ ಅಳೆದು ತನ್ನಿ.

18 ಮಿ.ಮೀ. ಹಲಗೆಯನ್ನು ಮೇಜಿಗೆ ಬಿಗಿಯಾಗಿ ಕ್ಲ್ಯಾಂಪ್ ಮಾಡಿ. ಮೊದಲು ಚಪ್ಪಟೆ ತಳದ ತಗ್ಗು ಕೊರೆಯುವ 32ರ ಫಾರ್ಸ್‌ನರ್ ಬಿಟ್ಟಿನಲ್ಲಿ ರಿಮ್ಮಿನ ತಗ್ಗು ತೆಗೆಯಿರಿ. ಅದು ನಡುವೆ ಒಂದು ಚುಕ್ಕಿ ಬಿಟ್ಟಿರುತ್ತದೆ, ಅಲ್ಲೇ 6 ಮಿ.ಮೀ. ತೂತು ಹೊಡೆಯಿರಿ, ಆಮೇಲೆ ಅದೇ ತೂತನ್ನು ಹಿಡಿದು ಹೋಲ್ ಸಾ ಓಡಿಸಿ. ಅರ್ಧ ಆಳ ಆದ ಮೇಲೆ ಹಲಗೆ ಮಗುಚಿ ಇನ್ನೊಂದು ಬದಿಯಿಂದ ಮುಗಿಸಿದರೆ ಅಂಚು ಸಿಬಿರೇಳುವುದಿಲ್ಲ. ಈ ಕ್ರಮ ತಪ್ಪಿಸಬೇಡಿ, ಬಿಲ್ಲೆ ಕೊಯ್ದ ಮೇಲೆ ತಗ್ಗು ತೆಗೆಯಲು ಹೋದರೆ ಅದನ್ನು ಹಿಡಿಯುವುದೇ ಕಷ್ಟ. ಡ್ರಿಲ್ಲು ನಿಧಾನ ಓಡಲಿ. ಹೊಗೆ ಬಂದರೆ ನಿಲ್ಲಿಸಿ, ಹಲ್ಲಿನ ನಡುವಿನ ಪುಡಿ ಕೆರೆದು ತೆಗೆದು ಮುಂದುವರಿಸಿ.

ಇಲ್ಲಿ ಹೆಚ್ಚಿನವರು ನೋಡದ ಒಂದು ಸಂಗತಿ ಇದೆ. ನಿಜವಾದ ಲಾರಿಯಲ್ಲಿ ಮುಂದಿನ ಚಕ್ರದ ನಡು ಹೊರಗೆ ಉಬ್ಬಿರುತ್ತದೆ, ಹಿಂದಿನ ಹೊರಚಕ್ರದ ನಡು ಒಳಗೆ ಇಳಿದಿರುತ್ತದೆ. ಅದೇ ರಿಮ್ಮು, ತಿರುಗಿಸಿ ಹಾಕಿರುತ್ತಾರೆ. ಹಾಗಾಗಿ ಹಿಂದಿನದಕ್ಕೆ ತಗ್ಗು 8 ಮಿ.ಮೀ. ಆಳ ಇರಲಿ. ಮುಂದಿನದಕ್ಕೆ 3 ಸಾಕು, ಅದರೊಳಗೆ ಬಿಳಿ ಮರದ ಇನ್ನೊಂದು ಬಿಲ್ಲೆ ಅಂಟಿಸಿ ಟಯರಿಗಿಂತ ಸ್ವಲ್ಪ ಹೊರಗೆ ಬರುವಂತೆ ಮಾಡಿ. ಇಷ್ಟು ಮಾಡಿದರೆ ಲಾರಿ ಓಡಿಸುವವರು ನೋಡಿದ ತಕ್ಷಣ ತಲೆಯಾಡಿಸುತ್ತಾರೆ.

ಈಗ 6 ಮಿ.ಮೀ. ಬೋಲ್ಟಿಗೆ ಚಕ್ರ ಹಾಕಿ, ವಾಷರ್, ನಟ್ಟು ಬಿಗಿದು ಡ್ರಿಲ್ಲಿಗೆ ಸಿಕ್ಕಿಸಿ. ಡ್ರಿಲ್ಲನ್ನು ಮೇಜಿಗೆ ಭದ್ರ ಮಾಡಿ. ಉಪ್ಪುಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ತಿರುಗುವ ಚಕ್ರಕ್ಕೆ ಹಿಡಿಯಿರಿ, ಬೆರಳಿನಲ್ಲಿ ಹಿಡಿದರೆ ಮೆತ್ತಗಿನ ಜಾಗ ಜಾಸ್ತಿ ಸವೆದು ಚಕ್ರ ಮೊಟ್ಟೆಯಾಕಾರ ಆಗುತ್ತದೆ. ಕಾಗದದ ನಂಬರು 80, 120, 240 ಹೀಗೆ ಏರಿಸುತ್ತಾ ಹೋಗಿ. ಟಯರಿನ ಭುಜ, ಅಂದರೆ ಪಕ್ಕಕ್ಕೆ ತಿರುಗುವ ಅಂಚು, ಸ್ವಲ್ಪವೇ ದುಂಡಗಾಗಲಿ.

ಮುಂದಿನ ಟಯರಿಗೆ ಸುತ್ತ ಓಡುವ ಗೆರೆಗಳು ಬೇಕು. ಚಕ್ರ ತಿರುಗುತ್ತಿರುವಾಗಲೇ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಒತ್ತಿದರೆ ಗೆರೆ ಬೀಳುತ್ತದೆ. ಹಿಂದಿನದಕ್ಕೆ ಅಡ್ಡ ಹಲ್ಲು. 65 ವ್ಯಾಸದ ಚಕ್ರದ ಸುತ್ತಳತೆ 204 ಮಿ.ಮೀ., 6 ಮಿ.ಮೀ.ಗೆ ಒಂದರಂತೆ ಸರಿಯಾಗಿ 34 ಹಲ್ಲು ಬರುತ್ತದೆ. ಕಾಗದದ ಪಟ್ಟಿಯಲ್ಲಿ ಗುರುತು ಹಾಕಿ ಚಕ್ರಕ್ಕೆ ಸುತ್ತಿ ಅಂಟಿಸಿ, ಆ ಗುರುತಿನ ಮೇಲೇ ಸಣ್ಣ ಗರಗಸದಲ್ಲಿ ಭುಜದಿಂದ ಓರೆಯಾಗಿ 1 ಮಿ.ಮೀ. ಆಳ ಕೊಯ್ಯಿರಿ. ಬೇಸರದ ಕೆಲಸ, ನಿಜ. ರೇಡಿಯೋ ಹಾಕಿಕೊಂಡು ದಿನಕ್ಕೊಂದು ಚಕ್ರ ಮಾಡಿ. ನಟ್ಟಿಗೆ ಊದಿನಕಡ್ಡಿಯ ಬರೀ ಕಡ್ಡಿ ಸಾಕು, ಸಣ್ಣ ತೂತಿಗೆ ಇಳಿಸಿ, ಅಂಟಿಸಿ, ಒಂದೇ ಎತ್ತರಕ್ಕೆ ಕತ್ತರಿಸಿ.

ಬೀಟೆ, ಸಾಗವಾನಿಯ ಪುಡಿ ಕೆಲವರಿಗೆ ಮೂಗು, ಚರ್ಮಕ್ಕೆ ಆಗಿಬರುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ, ಹೋಲ್ ಸಾ ಓಡುವಾಗ ಕನ್ನಡಕವೂ ಇರಲಿ. ಕೈಗೆ ಬಟ್ಟೆಯ ಗವಸು ಬೇಡ, ಡ್ರಿಲ್ಲಿಗೆ ಸಿಕ್ಕಿದರೆ ಬೆರಳು ಹೋಗುತ್ತದೆ.

ಚಾಸಿ ಮತ್ತು ಪ್ಲೇಟು

ಸಾಗವಾನಿಯ ಎರಡು ಪಟ್ಟಿ, 14 ಮಿ.ಮೀ. ಎತ್ತರ, 4 ಮಿ.ಮೀ. ದಪ್ಪ. ಅಂತರ ನೀವು ಅಳೆದು ತಂದದ್ದು, ಸಾಮಾನ್ಯವಾಗಿ 53 ಮಿ.ಮೀ. ಆಸುಪಾಸು ಬರುತ್ತದೆ. ಎರಡನ್ನೂ ಡಬಲ್ ಟೇಪಿನಲ್ಲಿ ಒಂದಕ್ಕೊಂದು ಅಂಟಿಸಿಕೊಂಡೇ ಎಲ್ಲ ತೂತು ಹೊಡೆಯಿರಿ, ಆಗ ಆಕ್ಸಲ್ ಓರೆಯಾಗುವ ಪ್ರಶ್ನೆಯೇ ಇಲ್ಲ. ಬಿಡಿಸಿ, ಅಡ್ಡಪಟ್ಟಿ ಕೊಟ್ಟು, ಗಾಜಿನ ಹಲಗೆಯ ಮೇಲೆ ಇಟ್ಟು ಅಂಟಿಸಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಸಮ ಇದೆಯಾ ನೋಡಿ. ಮಳೆಗಾಲದಲ್ಲಿ ಫೆವಿಕಾಲ್ ಒಣಗಲು ಜಾಸ್ತಿ ಹೊತ್ತು ಬೇಕು, ಒಂದು ಇಡೀ ದಿನ ಕ್ಲ್ಯಾಂಪ್ ತೆಗೆಯಬೇಡಿ. ಕರಾವಳಿಯವರು ನೀರು ತಡೆಯುವ ಮರೀನ್ ಬಗೆಯ ಅಂಟು ತಂದರೆ ನೆಮ್ಮದಿ.

ಚಾಸಿಗೂ ಆಕ್ಸಲ್‌ಗೂ ನಡುವೆ ಇರುವ ಸ್ಪ್ರಿಂಗ್ ಪ್ಲೇಟಿಗೆ ಬಿದಿರಿಗಿಂತ ಒಳ್ಳೆಯದು ಇಲ್ಲ. ಮುಕ್ಕಾಲು ಮಿ.ಮೀ. ದಪ್ಪ, 5 ಮಿ.ಮೀ. ಅಗಲದ ಸೀಳು ಮಾಡಿಕೊಳ್ಳಿ. ಬುಟ್ಟಿ ಹೆಣೆಯುವವರ ಹತ್ತಿರ ಕೇಳಿದರೆ ಕಣ್ಣಳತೆಯಲ್ಲೇ ಸೀಳಿ ಕೊಡುತ್ತಾರೆ, ನಾವು ಕ್ಯಾಲಿಪರ್ ಹಿಡಿದು ಮಾಡಿದ್ದಕ್ಕಿಂತ ನೇರ ಇರುತ್ತದೆ. ಉದ್ದದ್ದು ಮೇಲೆ, ಕೆಳಕೆಳಗೆ ಗಿಡ್ಡ. ದಪ್ಪ ಬಾಟಲಿಗೆ ಒತ್ತಿ ಕಟ್ಟಿ ಬಾಗು ಕೊಡಿ. ನಡುವೆ ಮಾತ್ರ ಅಂಟು ಹಾಕಿ, ತುದಿಗಳು ಬಿಡಿಯಾಗಿರಲಿ, ಒತ್ತಿದರೆ ನಿಜವಾಗಿಯೂ ಪುಟಿಯುತ್ತದೆ. ಹಿಂದಿನ ಆಕ್ಸಲ್‌ಗೆ ಮೇಲೊಂದು ಸಣ್ಣ ಹೆಲ್ಪರ್ ಪ್ಲೇಟು ಇರುತ್ತದೆ, ಮರೆಯಬೇಡಿ. ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟಿಗೆ ಹಳೇ ವೈರಿನ ಒಳಗಿನ ತಾಮ್ರದ ತಂತಿ.

ಆಕ್ಸಲ್ ಹೌಸಿಂಗ್ (ಆಕ್ಸಲ್ ಒಳಗೆ ಕೂರುವ ಕೊಳವೆ) ಮಾಡುವಾಗ ದುಂಡು ಕೋಲಿಗೆ ಉದ್ದಕ್ಕೆ ತೂತು ಹೊಡೆಯಲು ಹೋಗಬೇಡಿ, ತೂತು ಪಕ್ಕಕ್ಕೆ ಹೊರಟು ಬಿಡುತ್ತದೆ. ಚೌಕ ತುಂಡಿಗೆ ಮೊದಲು ತೂತು, ಆಮೇಲೆ ಆ ತೂತನ್ನೇ ನಡು ಮಾಡಿಕೊಂಡು ಹೊರಗೆ ದುಂಡಗೆ ಕೆತ್ತಿ. ನಡುವೆ ಗುಂಡಗೆ ಉಬ್ಬಿದ ಕ್ರೌನಿಗೆ ಮರದ ಮಣಿಯ ಅರ್ಧ ಸಾಕು.

ಚಕ್ರ ಹಾಕಿ ಮತ್ತೆ ಗಾಜಿನ ಮೇಲೆ ಇಡಿ. ಪ್ರತಿ ಚಕ್ರದ ಅಡಿಗೂ ತೆಳು ಕಾಗದ ತೂರಿಸಿ ನೋಡಿ. ಸಲೀಸಾಗಿ ತೂರಿದ ಕಡೆ ಚಕ್ರ ಎದ್ದಿದೆ ಅಂತ ಅರ್ಥ. ಅದನ್ನು ಇಲ್ಲೇ ಸರಿಮಾಡಿ, ಬಾಡಿ ಕೂರಿಸಿದ ಮೇಲೆ ಆಗುವುದಿಲ್ಲ.

ಮೂತಿ, ಕ್ಯಾಬಿನ್, ಬಾಡಿ

ಮೂತಿಗೆ ಹಲಸಿನ ಗಟ್ಟಿ ತುಂಡು. ಕ್ಯಾಬಿನ್ನನ್ನು ಮಾತ್ರ ಗಟ್ಟಿ ತುಂಡಿನಿಂದ ಕೊರೆಯಬೇಡಿ. 3 ಮಿ.ಮೀ. ಹಲಗೆಗಳಲ್ಲಿ ಮೊದಲೇ ಕಿಟಕಿ ಕೊಯ್ದುಕೊಂಡು, ಒಳಮೂಲೆಗೆ ಚೌಕ ಕಂಬ ಕೊಟ್ಟು ಡಬ್ಬಿಯಂತೆ ಕೂಡಿಸಿ. ಬಾಗಿಲಿಗೆ ಗೆರೆ ಕೊರೆದರೆ ಸಾಕು. ಗಾಜು ಹಾಕುವುದು ನನಗೆ ಸರಿ ಕಾಣುವುದಿಲ್ಲ, ಪ್ಲಾಸ್ಟಿಕ್ ಹಾಳೆ ಹೊಳೆದು ಮರದ ಅಂದ ಕೆಡಿಸುತ್ತದೆ, ಒಳಗೆ ಸೇರಿದ ಧೂಳೂ ತೆಗೆಯಲಿಕ್ಕೆ ಆಗುವುದಿಲ್ಲ.

ಮಡ್‌ಗಾರ್ಡ್ ಬಗ್ಗಿಸುವುದಕ್ಕೆ 75 ಮಿ.ಮೀ. ಪಿವಿಸಿ ಪೈಪು ಹೇಳಿ ಮಾಡಿಸಿದಂತಿದೆ. ವಿನಿಯರ್ (ತೆಳು ಮರದ ಹಾಳೆ) ಪಟ್ಟಿಗಳನ್ನು ಎಳೆಯ ಉದ್ದಕ್ಕೆ ಕತ್ತರಿಸಿ ಬಿಸಿನೀರಲ್ಲಿ ನೆನೆಸಿ, ಪೈಪಿಗೆ ಸುತ್ತಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಒಣಗಲು ಬಿಡಿ. ಮರುದಿನ ಮೂರು ಪದರ ಅಂಟಿಸಿ ಮತ್ತೆ ಬಿಗಿಯಿರಿ.

ಬಾಡಿ ಕಟ್ಟಲಿಕ್ಕೆ ಐಸ್‌ಕ್ರೀಂ ಕಡ್ಡಿ ಬಳಸಬಹುದಾ ಅಂತ ಕೇಳುತ್ತಾರೆ. ಬಳಸಬಹುದು. 10 ಮಿ.ಮೀ. ಅಗಲದ ಕಡ್ಡಿ ನಮ್ಮ ಪ್ರಮಾಣದಲ್ಲಿ ಹೆಚ್ಚುಕಮ್ಮಿ 6 ಇಂಚಿನ ಹಲಗೆ. ಆದರೆ ಉದ್ದ ಸಾಲುವುದಿಲ್ಲ, ಜೋಡಣೆಯನ್ನು ನಿಲುವುಪಟ್ಟಿಯ ಹಿಂದೆ ಅಡಗಿಸಬೇಕು. ಹಳೇ ಸಾಗವಾನಿ ರೀಪನ್ನು 2 ಮಿ.ಮೀ. ದಪ್ಪ ಸೀಳಿಸಿಕೊಂಡರೆ ಆ ತಾಪತ್ರಯ ಇಲ್ಲ. ಹಲಗೆಗಳ ನಡುವೆ ಪೋಸ್ಟ್ ಕಾರ್ಡಿನ ದಪ್ಪದಷ್ಟು ಸಂದು ಬಿಡಿ. ಸುಮಾರು 3000 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಮರ ಉಬ್ಬದೇ ಇರುತ್ತದಾ, ಸಂದು ಇಲ್ಲದಿದ್ದರೆ ಆಷಾಢದಲ್ಲಿ ಬಾಡಿ ಬಿಲ್ಲಿನಂತೆ ಬಗ್ಗುತ್ತದೆ. ಹಗ್ಗ ಕಟ್ಟುವ ಕೊಕ್ಕೆಗೆ ತಾಮ್ರದ ತಂತಿ, ಹಿಂಬಾಗಿಲಿನ ಸರಪಳಿಗೆ ತುಂಡಾದ ಸರದ ಚೂರು. ನೆತ್ತಿಯ ಬೋರ್ಡಿಗೆ ಮಾರಿಕಾಂಬೆಯ ಹೆಸರೋ ನಿಮ್ಮ ಮನೆದೇವರ ಹೆಸರೋ, ಬಿಸಿ ಸೂಜಿಯಲ್ಲಿ ಬರೆಯಿರಿ. ತಾಡಪಾಲಿಗೆ ಹಳೇ ಕೊಡೆಯ ಬಟ್ಟೆ ಸೊಗಸಾಗಿ ಮಡಿಕೆ ಬೀಳುತ್ತದೆ.

ಜೆಸಿಬಿ ಬೇಕು ಅನ್ನುವವರಿಗೆ

ಲಾರಿ ಆದ ಮೇಲೆ ಮಾಡಿ. ಹಿಂದಿನ ಚಕ್ರ 90 ಮಿ.ಮೀ. ಹತ್ತಿರ ಬರುತ್ತದೆ, ಮುಂದಿನದು ಬಹಳ ಸಣ್ಣದು, ಚಕ್ರ ಮಾಡುವ ವಿಧಾನ ಅದೇ. ಹಲಸು ಇಲ್ಲಿ ಬಣ್ಣಕ್ಕೆ ಸರಿಯಾಗಿ ಕೂರುತ್ತದೆ. ಕಷ್ಟ ಇರುವುದು ಕೈಗಳಲ್ಲಿ. ಮರ ಮುಟ್ಟುವ ಮೊದಲು ರಟ್ಟಿನಲ್ಲಿ ಬೂಮು, ಅದರ ಮುಂದಿನ ತೋಳು, ಬಕೆಟ್ಟು ಕತ್ತರಿಸಿ ಗುಂಡುಪಿನ್ನು ಚುಚ್ಚಿ ಆಡಿಸಿ ನೋಡಿ. ಪೂರ್ತಿ ಮಡಚುತ್ತದಾ, ಬಕೆಟ್ಟು ನೆಲ ಮುಟ್ಟುತ್ತದಾ? ಪಿನ್ನಿನ ಜಾಗ 2 ಮಿ.ಮೀ. ಸರಿದರೂ ಕೈ ಅರ್ಧಕ್ಕೇ ನಿಲ್ಲುತ್ತದೆ. ರಟ್ಟಿನಲ್ಲಿ ಸರಿಯಾದ ಮೇಲೆ ಅದನ್ನೇ ಅಚ್ಚು ಮಾಡಿಕೊಂಡು ಮರಕ್ಕೆ ತೂತು ಇಳಿಸಿ. ಹೈಡ್ರಾಲಿಕ್ ಜಾಕಿಗೆ ಆಕ್ಸಲ್ ಹೌಸಿಂಗಿನ ಉಪಾಯವೇ, ಚೌಕಕ್ಕೆ ತೂತು, ಆಮೇಲೆ ದುಂಡು, ಒಳಗೆ ಬಿದಿರು ಕಡ್ಡಿ ಜಾರಲಿ. ಕಡ್ಡಿಗೆ ಮೇಣ ಸವರಿ, ಎಣ್ಣೆ ಬೇಡ, ಎಣ್ಣೆ ಅಂಟಂಟಾದರೆ ಕಡ್ಡಿ ಕಚ್ಚಿಕೊಳ್ಳುತ್ತದೆ.

ಕೊನೆಯ ಹೊಳಪು

ಬಿಡಿ ಭಾಗಗಳನ್ನು ಅಂಟಿಸುವ ಮೊದಲೇ 320ರ ಉಪ್ಪುಕಾಗದದವರೆಗೆ ತಿಕ್ಕಿ ಮುಗಿಸಿ. ಅಂಟು ಹೊರಗೆ ಬಂದ ಕಡೆ ಎಣ್ಣೆ ಹಿಡಿಯದೆ ಬಿಳಿ ಕಲೆ ಉಳಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ.

ಮಳೆಗಾಲದಲ್ಲಿ ಫ್ರೆಂಚ್ ಪಾಲಿಶ್ (ಅರಗಿನ ಪಾಲಿಶ್) ಹಚ್ಚಬೇಡಿ, ಗಾಳಿಯ ತೇವಕ್ಕೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಹಸಿ ಅಗಸೆ ಎಣ್ಣೆಯೂ ಆಗ ಅಂಟಂಟಾಗಿ ಉಳಿದು ಬೂಷ್ಟು ಹಿಡಿಯುತ್ತದೆ. ಕಟ್ಟುವ ಕೆಲಸ ಮಳೆಯಲ್ಲಿ ಮಾಡಿ, ಹೊಳಪು ದೀಪಾವಳಿ ಕಳೆದ ಮೇಲೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು, ಬಿಡಿಸಿ ಹೊರಗೆ ಒಣಹಾಕಿ. ದೋಣಿಗೆ ಹಚ್ಚುವ ಗೇರೆಣ್ಣೆ ಹಚ್ಚಬಹುದಲ್ಲ ಅಂತ ಕರಾವಳಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ದೋಣಿಗೆ ಸರಿ, ಇದಕ್ಕೆ ಬೇಡ, ಅದು ಚರ್ಮ ಸುಡುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಣಿ, ಕಡ್ಡಿ ಕಿತ್ತು ಬಾಯಿಗೆ ಹಾಕುತ್ತಾರೆ, ಅವರಿಗೆ ಬೇರೆಯೇ ಗಟ್ಟಿ ಲಾರಿ ಮಾಡಿಕೊಡಿ.

ಹಲಸಿನ ಹಳದಿ ಬಿಸಿಲಿಗೆ ಕಂದಾಗುತ್ತಾ ಹೋಗುತ್ತದೆ, ಕಿಟಕಿಯ ಎದುರು ಇಡಬೇಡಿ. ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದನ್ನು ಆಗಾಗ ಬದಲಿಸಿ. ಚಾಸಿಯ ಅಡಿಗೆ ಚಕ್ರದ ಮೇಲಿನ ಭಾರ ತಾಳುವಷ್ಟು ಎತ್ತರದ ಮರದ ಕಟ್ಟೆ ಕೊಟ್ಟು ಇಟ್ಟರೆ ಬಿದಿರಿನ ಪ್ಲೇಟು ವರ್ಷಗಟ್ಟಲೆ ಬಾಗು ಕಳೆದುಕೊಳ್ಳುವುದಿಲ್ಲ.